ನಾನು ಹೇಳುತ್ತಿದ್ದ ಪಂಪ್ ಶರಣಪ್ಪನ ಕಥೆ

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನನ್ನ ಮಗಳ ಮನೆಯ ಬಾಗಿಲಿಗೆ ಆಗಾಗ ಒಂದು ಹಲಗೆ ಬಂದು ನೇತುಬೀಳುತ್ತದೆ. ಅಂಗೈ ಅಗಲದ್ದು. ಮೇಲೊಂದು ಪೊರಕೆಯ ಚಿತ್ರ, ಕೆಳಗೆ ‘ಕೇರ್‌ವೋಖೆ’ ಎಂಬ ಬರಹ. ಗುಡಿಸುವ ವಾರ ಎಂದರ್ಥ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ಮನೆಯವರು ಆ ವಾರ ಇಡೀ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಬೇಕು. ವಾರ ಮುಗಿದ ಮೇಲೆ ಅದನ್ನು ಸದ್ದಿಲ್ಲದೆ ಪಕ್ಕದ ಮನೆಯ ಬಾಗಿಲಿಗೆ ತಗುಲಿಹಾಕಿ ಬರಬೇಕು. ಯಾರೂ ಯಾರಿಗೂ ಹೇಳುವುದಿಲ್ಲ. ಹಲಗೆಯೇ ಹೇಳುತ್ತದೆ.

ಈ ಸಲ ಊರಿನಿಂದ ಅವಳ ಮನೆಗೆ ಬಂದಾಗ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ನನ್ನ ಮಗಳು ವಿದ್ಯಾ ನಕ್ಕಳು. ನಲವತ್ತು ವರ್ಷ ದುಡಿಯುವ ಕೈಗಳ ಬಗ್ಗೆ ಭಾಷಣ ಮಾಡಿದ ಅಪ್ಪ ಮನೆಯಲ್ಲಿ ಒಂದು ದಿನವಾದರೂ ಪೊರಕೆ ಮುಟ್ಟಿದ್ದನ್ನು ಅವಳು ನೋಡಿರಲಿಲ್ಲ. ಅದು ನಿಜ. ಕಾರ್ಮಿಕ ಸಂಘದ ಜಂಟಿ ಕಾರ್ಯದರ್ಶಿಯ ಮನೆಯಲ್ಲಿ ಇದ್ದ ಒಬ್ಬಳೇ ಕಾರ್ಮಿಕೆ ನನ್ನ ಹೆಂಡತಿ. ಅವಳಿಗೆ ಭಾನುವಾರವೂ ರಜೆ ಇರಲಿಲ್ಲ. ಈಗ ಅರವತ್ತೇಳನೇ ವಯಸ್ಸಿನಲ್ಲಿ ನಾನು ಮೂರು ಮಹಡಿಯ ಮೆಟ್ಟಿಲುಗಳನ್ನು ಮೂಲೆ ಮೂಲೆ ಬಿಡದೆ ಒರೆಸುತ್ತೇನೆ. ಕೆಳಮನೆಯ ಮುದುಕಿ ಬಂದು ಮೆಟ್ಟಿಲ ಕಂಬಿಯ ಮೇಲೆ ಒಂದು ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ನಮ್ಮ ಗಣಿಗೆ ಬರುತ್ತಿದ್ದ ಸುರಕ್ಷತಾ ಇನ್‌ಸ್ಪೆಕ್ಟರಿಗೂ ನಾನು ಇಷ್ಟು ಹೆದರಿದವನಲ್ಲ.

ಆ ಹಲಗೆಯನ್ನು ಮೊಳೆಗೆ ಸಿಕ್ಕಿಸುವಾಗಲೆಲ್ಲ ನನಗೆ ನಮ್ಮ ಸಂಘದ ಆಫೀಸಿನ ಕರಿಹಲಗೆ ನೆನಪಾಗುತ್ತಿತ್ತು. ಏಪ್ರಿಲ್ ಮುಗಿಯುವವರೆಗೂ ಅದು ನನಗೆ ಸುಖದ ನೆನಪೇ ಆಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಗೋದಾವರಿಯ ಆಚೆಗಿನ ಕಲ್ಲಿದ್ದಲ ಸೀಮೆ. ನನ್ನಪ್ಪ ಆಳಂದದ ಕಡೆಯಿಂದ ಹೋಗಿ ಅಲ್ಲಿ ಸೇರಿದವನು. ಗಣಿ ಕಾಲೊನಿಯ ಸಾಲುಮನೆಗಳ ಒಂದು ಲೈನಿನಲ್ಲಿ ಕನ್ನಡ, ಪಕ್ಕದ ಲೈನಿನಲ್ಲಿ ತೆಲುಗು, ಅದರಾಚೆ ಹಿಂದಿ. ಇದ್ದಲಿನ ಪುಡಿ ಮಾತ್ರ ಎಲ್ಲರ ಮನೆಗೂ ಒಂದೇ. ನನ್ನವ್ವ ಮೊಸರಿನ ಗಡಿಗೆಗೆ ಎರಡು ಪದರ ಬಟ್ಟೆ ಕಟ್ಟಿದರೂ ಬೆಳಿಗ್ಗೆ ಕೆನೆಯ ಮೇಲೆ ಕರಿ ಚುಕ್ಕೆಗಳಿರುತ್ತಿದ್ದವು. ಮೊಸರೆಂದರೆ ಚುಕ್ಕೆ ಇರುವ ಪದಾರ್ಥ ಎಂದೇ ನಾನು ತಿಳಿದಿದ್ದೆ. ಏಳನೇ ವಯಸ್ಸಿನಲ್ಲಿ ಆಳಂದದ ಸೋದರಮಾವನ ಮನೆಯಲ್ಲಿ ಅಚ್ಚ ಬಿಳಿ ಮೊಸರು ಬಡಿಸಿದಾಗ, ಇದು ಕೆಟ್ಟಿದೆ ಎಂದು ಹಟಮಾಡಿ ಉಣ್ಣದೆ ಎದ್ದಿದ್ದೆ. ಇಲ್ಲಿ ನನ್ನ ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಗಂಭೀರವಾಗಿ ಕೇಳಿ, ಕೊನೆಗೆ ಜರ್ಮನ್ನಿನಲ್ಲಿ, ಕಲ್ಲಿದ್ದಲು ಹವಾಮಾನಕ್ಕೆ ಕೆಟ್ಟದ್ದು ಎಂದು ನನಗೆ ತಿಳಿಹೇಳಿದಳು. ಅವರ ಶಾಲೆಯಲ್ಲಿ ಅದರ ಮೇಲೊಂದು ಚಿತ್ರಪಟ ಮಾಡಿಸಿದ್ದರು. ಅವಳ ಚಿತ್ರದಲ್ಲಿ ಹೊಗೆ ಇತ್ತು, ಅಳುವ ಭೂಮಿ ಇತ್ತು. ಮನುಷ್ಯರು ಯಾರೂ ಇರಲಿಲ್ಲ.

ಆ ಗಣಿಯಲ್ಲಿ ನನಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ ದೊಡ್ಡ ಮುಷ್ಕರವಾಯಿತು. ಒಳಗೆ ಮೇಲ್ಛಾವಣಿ ಕುಸಿದು ಐವರು ಸತ್ತಿದ್ದರು. ಅದಕ್ಕೆ ಯಾರೂ ಹೊಣೆಯಲ್ಲ ಎಂದು ಆಡಳಿತದವರು ಬರೆದುಕೊಂಡರು. ಅಲ್ಲಿಂದ ಶುರುವಾದದ್ದು ನಾಲ್ಕು ತಿಂಗಳು ನಡೆಯಿತು. ನಮ್ಮ ಅಧ್ಯಕ್ಷರನ್ನು ಎಲ್ಲರೂ ದಾದಾ ಎನ್ನುತ್ತಿದ್ದೆವು. ಎತ್ತರದ ಆಳು, ತಣ್ಣನೆಯ ದನಿ. ದಿನಾ ಸಂಜೆ ನಾಲ್ಕಕ್ಕೆ ಗೇಟಿನ ಮುಂದೆ ಅವರ ಭಾಷಣ. ಒಂದೂವರೆ ತಾಸಿಗೆ ಕಡಿಮೆ ಇಲ್ಲ. ಇಡೀ ಕಾಲೊನಿ ಬಂದು ಕೂರುತ್ತಿತ್ತು. ನಾನು ಜಂಟಿ ಕಾರ್ಯದರ್ಶಿ. ನನ್ನ ಅಕ್ಷರ ದುಂಡಗಿತ್ತು ಎಂಬ ಕಾರಣಕ್ಕೆ ಕರಿಹಲಗೆ ನನ್ನ ಪಾಲಿಗೆ ಬಂದಿತ್ತು. ಮುಷ್ಕರ ಮುರಿದು ಒಳಗಿಳಿದವರ ಹೆಸರನ್ನು ಅದರ ಮೇಲೆ ಬರೆಯುವುದು, ಆ ಮನೆಯೊಂದಿಗೆ ಊರು ಸಂಬಂಧ ಬಿಡುವುದು. ಅದು ನಮ್ಮ ನಿಯಮ.

ಅದರ ಮೇಲೆ ನಾನು ಬರೆದ ಹೆಸರು ಒಂದೇ ಒಂದು, ಗಣಿಯ ಪಂಪ್ ನಡೆಸುತ್ತಿದ್ದವನದು. ಪಂಪ್ ಶರಣಪ್ಪ.

ಮುಷ್ಕರ ಮುಗಿದಾಗಿನಿಂದ ನನಗೊಂದು ಚಟ ಅಂಟಿಕೊಂಡಿತ್ತು, ನಿವೃತ್ತನಾದ ಮೇಲೆ ಅದು ಹೆಚ್ಚಾಯಿತು. ಯಾರು ಕೇಳಿದರೂ, ಕೇಳದಿದ್ದರೂ, ಆ ಮುಷ್ಕರದ ಕಥೆ ಹೇಳುವುದು. ಹೇಳಿ ಹೇಳಿ ಅದು ನುಣ್ಣಗಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಜನ ನಗುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ಶರಣಪ್ಪ ಬರುವುದು ನಗುವ ಜಾಗದಲ್ಲಿ.

ಮೇ ಒಂದರಂದು ಇಲ್ಲಿ ಸರ್ಕಾರಿ ರಜೆ. ಊರ ಕನ್ನಡದವರೆಲ್ಲ ಗುಡ್ಡದ ಮೇಲಿನ ಒಂದು ಉದ್ಯಾನದಲ್ಲಿ ಬುತ್ತಿ ಕಟ್ಟಿಕೊಂಡು ಸೇರುವುದಿತ್ತು. ಹಿಂದಿನ ವಾರ ಕಿರಣ್ ಎಂಬ ಹುಡುಗ ಫೋನ್ ಮಾಡಿದ. ಬೆಂಗಳೂರಿನವನು, ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್.

“ಅಂಕಲ್, ಮೇ ಡೇ ಅಲ್ವಾ, ನಿಮ್ ಸ್ಟ್ರೈಕ್ ಸ್ಟೋರಿ ಒಂದು ಹದಿನೈದ್ ನಿಮಿಷ ಹೇಳ್ಬಿಡಿ. ಇಲ್ಲೂ ಈಗ ಎಲ್ರಿಗೂ ಟೆನ್ಷನ್ನು. ನಮ್ ಕಂಪನೀಲಿ ಬೆಟ್ರೀಬ್ಸ್‌ರಾಟ್ ಮೀಟಿಂಗ್ ಮೇಲೆ ಮೀಟಿಂಗು” ಎಂದ.

ಬೆಟ್ರೀಬ್ಸ್‌ರಾಟ್ ಎಂದರೆ ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸಗಾರರೇ ಆರಿಸಿದ ಮಂಡಳಿ. ಈ ವರ್ಷ ಅದರ ಹೆಸರು ಎಲ್ಲರ ಬಾಯಲ್ಲೂ ಇತ್ತು. ಯಾವ ವಿಭಾಗ ಮುಚ್ಚುತ್ತದೆ, ಯಾರ ವೀಸಾ ಏನಾಗುತ್ತದೆ ಎಂಬುದೇ ಮಾತು. ಹೆದರಿದ ಜನರ ಮುಂದೆ ಹೋರಾಟದ ಕಥೆ ಹೇಳುವುದೆಂದರೆ ನನಗೆ ಹಬ್ಬ. ಹಿಂದಿನ ದಿನವೇ ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡೆ.

ಐವತ್ತು ಅರವತ್ತು ಜನ ಇದ್ದರು. ಹುಲ್ಲಿನ ಮೇಲೆ ಚಾದರ ಹಾಸಿ ಪುಳಿಯೋಗರೆ, ಜೋಳದ ರೊಟ್ಟಿ, ಯಾರೋ ತಂದ ಆಲೂಗಡ್ಡೆ ಸಲಾಡು ಎಲ್ಲ ಇಟ್ಟಿದ್ದರು. ನಾನು ಎದ್ದುನಿಂತು ಶುರುಮಾಡಿದೆ. ಐವರ ಸಾವಿನಲ್ಲಿ ಎಲ್ಲರೂ ಸುಮ್ಮನಾದರು. ಪೊಲೀಸರ ಲಾಠಿಯಲ್ಲಿ ಹೆಂಗಸರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಆಮೇಲೆ ನನ್ನ ಠರಾವಿನ ಭಾಗ ಬಂತು. ಮುಷ್ಕರ ನಡೆಯುವಾಗಲೂ ಗಣಿಯ ನೀರೆತ್ತುವ ಪಂಪುಗಳನ್ನು ನಡೆಸಲು ನಾಲ್ಕಾರು ಜನರನ್ನು ಬಿಡುವುದು ಎಲ್ಲ ಕಡೆಯ ರೂಢಿ. ಮೊದಲ ವಾರ ಆಡಳಿತ ಮಾತುಕತೆಗೇ ಬಾರದಿದ್ದಾಗ, ಪಂಪನ್ನೂ ನಿಲ್ಲಿಸಿಬಿಡೋಣ, ಅವರ ಗಣಿ ಮುಳುಗಲಿ ಎಂದು ಠರಾವು ಮಂಡಿಸಿದವನು ನಾನು. ಸಾವಿರ ಕೈ ಮೇಲೆದ್ದವು. ದಾದಾ ಕೂಡ ಕೈ ಎತ್ತಿದರು.

“ಇಡೀ ಊರು ಹಸಿದುಕೊಂಡು ಕೂತಿರುವಾಗ ಒಬ್ಬ ಮಾತ್ರ ಕದ್ದು ಒಳಗಿಳೀತಿದ್ದ” ಎಂದು ನಾನು ದನಿ ಇಳಿಸಿದೆ. ಶರಣಪ್ಪ ಹಳೆಯ ಸುರಂಗದ ಬಾಯಿಂದ ಸೊಂಟದವರೆಗೆ ತೊಯ್ದು ಹೊರಗೆ ಬರುವಾಗ ನಮ್ಮ ಹುಡುಗರ ಕೈಗೆ ಸಿಕ್ಕಿಬಿದ್ದದ್ದು, ಎಲ್ಲಿಗೆ ಹೋಗಿದ್ದೆ ಎಂದರೆ ಸ್ನಾನಕ್ಕೆ ಎಂದದ್ದು, ನಾವು ಅವನಿಗೆ ಹಳೆಯ ಚಪ್ಪಲಿಗಳ ಹಾರ ಹಾಕಿ ಲೈನು ಲೈನು ತಿರುಗಿಸಿದ್ದು, ಅದರಲ್ಲೊಂದು ಚಪ್ಪಲಿ ಅವನದೇ ಮನೆಯ ಮುಂದಿನದು ಎಂದು ಆಮೇಲೆ ಗೊತ್ತಾದದ್ದು. ಜನ ನಕ್ಕರು. ಯಾವಾಗಲೂ ಅಲ್ಲೇ ನಗುತ್ತಾರೆ. ಕೊನೆಗೆ, ನಾಲ್ಕು ತಿಂಗಳ ಮೇಲೆ ನಾವು ಗೆದ್ದು ಒಳಗಿಳಿದರೆ ಗಣಿಯಲ್ಲಿ ಪಾದ ತೋಯುವಷ್ಟೂ ನೀರಿರಲಿಲ್ಲ, ಭೂಮಿತಾಯಿ ಸಹ ನಮ್ಮ ಸಂಘದ ಸದಸ್ಯೆಯಾಗಿದ್ದಳು ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಕಿರಣನ ಗೆಳೆಯನೊಬ್ಬ, ಮಗಾ ಇದನ್ನ ರೆಕಾರ್ಡ್ ಮಾಡ್ಬೇಕಿತ್ತು ಕಣೋ ಎಂದದ್ದು ಕೇಳಿ ನನಗೆ ಖುಷಿಯಾಯಿತು.

ನಾನು ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದೆ. ಸುಮಾರು ನಲವತ್ತೇಳರ ಹೆಂಗಸೊಬ್ಬಳು ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯ ತಂದು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು.

“ಕಾಕಾ, ಭಾಳ ಛಂದ ಹೇಳಿದ್ರಿ. ನಾ ಪಂಪ್ ಶರಣಪ್ಪನ ಮಗಳು. ಮಹಾದೇವಿ” ಎಂದಳು.

ತಟ್ಟೆ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಬೇಕೋ, ಹಿಡಿದುಕೊಂಡೇ ಇರಬೇಕೋ ತಿಳಿಯಲಿಲ್ಲ. ನನಗೆ ನೆನಪಿದ್ದ ಶರಣಪ್ಪನ ಮಗಳು ಎಂಟೊಂಬತ್ತು ವರ್ಷದವಳು. ಅವಳನ್ನು ಶಾಲೆಯಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ ಎಂದು ಕೇಳಿದ್ದೆ. ಅದು ನಮ್ಮ ಸಂಘಟನೆಯ ಬಲ ಎಂದು ಆಗ ಹೆಮ್ಮೆಪಟ್ಟಿದ್ದೆ ಕೂಡ. ಮುಷ್ಕರ ಮುಗಿದ ತಿಂಗಳಲ್ಲೇ ಆ ಕುಟುಂಬ ಸೊಲ್ಲಾಪುರಕ್ಕೆ ಹೊರಟುಹೋಯಿತು. ಅಲ್ಲಿ ಶರಣಪ್ಪ ಚಾದರ ನೇಯುವ ಮಗ್ಗದಲ್ಲಿ ದುಡಿದನಂತೆ. ಮಗಳು ಡಿಪ್ಲೊಮಾ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಈಗ ಬ್ರೇಕುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಇದನ್ನೆಲ್ಲ ಅವಳು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು. ನಾನು ಆಗಿನ ಕಾಲವೇ ಹಾಗಿತ್ತು ಎಂದು ಏನೋ ಗೊಣಗಿದೆ.

“ಅಪ್ಪಗ ಒಳಗ ಕಳಿಸಿದವರು ನಿಮ್ಮ ದಾದಾನೇ ರೀ” ಎಂದಳು.

ಅವಳು ಹೇಳಿದ್ದು ಇಷ್ಟು. ಠರಾವು ಆದ ಮರುದಿನ ದಾದಾ ಶರಣಪ್ಪನನ್ನು ಒಬ್ಬನೇ ಇರುವಾಗ ಕಂಡರು. ಪಂಪ್ ನಿಂತರೆ ಹದಿನೈದು ದಿನದಲ್ಲಿ ಕೆಳಗಿನ ಹಂತ ಮುಳುಗುತ್ತದೆ, ತಿಂಗಳೊಳಗೆ ಗಣಿಯೇ ಹೋಗುತ್ತದೆ, ಆಮೇಲೆ ಮುಷ್ಕರ ಗೆದ್ದರೂ ಹೋಗಿ ನಿಲ್ಲಲು ಜಾಗವಿರುವುದಿಲ್ಲ ಎಂದರು. ಠರಾವನ್ನು ಎದುರಿಸಿದರೆ ಅಧ್ಯಕ್ಷನೇ ಮಾರಿಕೊಂಡ ಎಂದು ಜನ ಒಡೆಯುತ್ತಾರೆ. ಆದ್ದರಿಂದ ನೀನು ಇಳಿ, ಯಾರಿಗೂ ಹೇಳಬೇಡ, ಮುಷ್ಕರ ಮುಗಿದ ದಿನ ನಾನೇ ಎಲ್ಲರ ಮುಂದೆ ಹೇಳುತ್ತೇನೆ ಎಂದರು. ಶರಣಪ್ಪ ಮಾತು ಕೊಟ್ಟ. ಊರೆಲ್ಲ ಗೇಟಿನ ಮುಂದೆ ಭಾಷಣ ಕೇಳುವ ಹೊತ್ತಿಗೆ ಅವನು ಹಳೆಯ ಸುರಂಗದಿಂದ ಒಳಗೆ ಹೋಗುತ್ತಿದ್ದ. ಹಾರ ಹಾಕಿದ ಮರುದಿನವೂ ಹೋದ; ಸುರಂಗದ ಬಾಯಿಗೆ ಕಾವಲು ಬೀಳದಂತೆ ದಾದಾ ನೋಡಿಕೊಂಡಿದ್ದರು.

ನಾನು ನಂಬಲಿಲ್ಲ. ನಂಬಲಿಲ್ಲ ಎನ್ನುವುದಕ್ಕಿಂತ, ನನ್ನೊಳಗಿನ ಕಾರ್ಯದರ್ಶಿ ಎದ್ದು ಕೂತ. ಸಾಕ್ಷಿ ಏನಿದೆ ಎಂದು ಕೇಳಿದೆ. ದಾದಾ ತೀರಿಕೊಂಡಿದ್ದಾರೆ, ಸತ್ತವರ ಮೇಲೆ ಏನು ಬೇಕಾದರೂ ಹೇಳಬಹುದು ಎಂದೂ ಹೇಳಿದೆ ಅನಿಸುತ್ತದೆ.

ಅವಳಿಗೆ ಸಿಟ್ಟು ಬರಲಿಲ್ಲ. “ಸಾಕ್ಷಿ ನೀವೇ ಈಗ ಹೇಳಿದ್ರಲ್ಲ ಕಾಕಾ. ನಾಲ್ಕು ತಿಂಗಳು ಪಂಪ್ ನಿಂತ ಗಣ್ಯಾಗ ನೀರ್ಯಾಕ ಇರಲಿಲ್ಲ?”

ಸುತ್ತ ಮಕ್ಕಳು ಜರ್ಮನ್ನಿನಲ್ಲಿ ಕೂಗಾಡುತ್ತ ಚೆಂಡಾಡುತ್ತಿದ್ದವು. ಮುಷ್ಕರದ ಹೊತ್ತಿಗಾಗಲೇ ಹನ್ನೆರಡು ವರ್ಷ ಆ ಗಣಿಯೊಳಗೆ ದುಡಿದವನು ನಾನು. ಭಾನುವಾರ ಒಂದು ದಿನ ಪಂಪ್ ಕೆಟ್ಟರೆ ಸೋಮವಾರ ಕೆಳಗಿನ ಹಂತದಲ್ಲಿ ಮೊಣಕಾಲು ಮುಳುಗುತ್ತಿದ್ದದ್ದು ನನಗೆ ಗೊತ್ತು. ನಾಲ್ಕು ತಿಂಗಳ ಮೇಲೆ ಒಣನೆಲದ ಮೇಲೆ ಕಾಲಿಟ್ಟಾಗ ಅದು ಹೇಗೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಆಮೇಲಿನ ಮೂವತ್ತೆಂಟು ವರ್ಷ ಆ ಒಣನೆಲವನ್ನೇ ಕಥೆಯ ಕೊನೆಗೆ ಇಟ್ಟು ಚಪ್ಪಾಳೆ ತಗೊಂಡೆ. ಕಣ್ಣೆದುರಿನ ಸಾಕ್ಷಿಯನ್ನು ಊರೂರು ಹೊತ್ತು ತಿರುಗಿದವನು ನಾನೇ.

“ಅವ್ವಗೂ ಅಪ್ಪ ಹೇಳಲಿಲ್ಲ” ಎಂದಳು ಮಹಾದೇವಿ. “ದಾದಾ ತಾವೇ ಹೇಳ್ತೀನಿ ಅಂದಿದ್ರಲ್ಲ, ಅದಕ್ಕ. ಅವ್ವ ಸಾಯೋತನಕ, ಗಂಡ ತಪ್ಪು ಮಾಡ್ಯಾನ, ಮಾಡಿದ್ರ ಮಾಡ್ಲಿ, ನನ್ನ ಗಂಡ ಅಂತ ತಿಳಕೊಂಡೇ ಇದ್ಲು. ದಾದಾ ಹೋದ ಮ್ಯಾಲ ಅಪ್ಪ ನನಗ ಒಬ್ಬಾಕಿಗೆ ಹೇಳಿದ್ರು. ಅಷ್ಟೊತ್ತಿಗೆ ಅವ್ವ ಹೋಗಿ ಒಂದು ವರ್ಷ ಆಗಿತ್ತು.”

ಅವಳು ಎದ್ದು, ನನ್ನ ಕೈಯಿಂದ ತಟ್ಟೆ ತೆಗೆದು ಬೆಂಚಿನ ಮೇಲಿಟ್ಟು, ತನ್ನ ಫೋನ್ ನಂಬರನ್ನು ನನ್ನ ಫೋನಿನಲ್ಲಿ ಒತ್ತಿ ಹೋದಳು. ಬೇಕಾದರೆ ಮಾಡಿ, ಬೇಡವಾದರೆ ಬಿಡಿ ಎಂಬಂತೆ.

ಆ ವಾರ ನನಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ವಿದ್ಯಾ ಎರಡು ಸಲ ಕರೆದ ಮೇಲೆ ತಿರುಗಿ ನೋಡುತ್ತಿದ್ದೆ. ಹಾಲು ತರಲು ಹೋಗಿ ಡಬ್ಬಿ ತುಂಬ ಬೆಣ್ಣೆ ತಂದೆ. ಮೆಟ್ಟಿಲು ಒರೆಸುವಾಗ ಒಂದೇ ಮೆಟ್ಟಿಲನ್ನು ಎಷ್ಟೋ ಹೊತ್ತು ಒರೆಸುತ್ತಿದ್ದೆನಂತೆ. ಕೆಳಮನೆಯ ಮುದುಕಿ ಬಂದು ನನ್ನ ಭುಜ ಮುಟ್ಟಿ, ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋದಳು. ನನಗೆ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡಳೋ ಏನೋ.

ಹಾಗೆ ಮೆಟ್ಟಿಲ ಮೇಲೆ ಕೂತಿದ್ದಾಗಲೇ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಿಗೆ ಬಂತು. ದಾದಾ ಸಾಯುವ ಹತ್ತು ದಿನದ ಮುಂಚೆ ಅವರನ್ನು ನೋಡಲು ಹೋಗಿದ್ದೆ. ಮೂಸಂಬಿ ಸುಲಿದು ತೊಳೆ ತೊಳೆಯಾಗಿ ಅವರ ಕೈಗೆ ಕೊಡುತ್ತಿದ್ದೆ. ಈರಣ್ಣ, ಒಮ್ಮೆ ಸೊಲ್ಲಾಪುರಕ್ಕೆ ಹೋಗಿ ಶರಣಪ್ಪನನ್ನು ನೋಡಿ ಬಾ, ಅವನಿಗೆ ನಾನು ಒಂದು ಮಾತು ಹೇಳುವುದಿತ್ತು ಎಂದರು. ಆ ದ್ರೋಹಿಯ ಸುದ್ದಿ ಈಗ ಯಾಕೆ ದಾದಾ ಎಂದು ನಾನು ನಕ್ಕೆ. ನಕ್ಕು ಇನ್ನೊಂದು ತೊಳೆ ಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳದೆ ಗೋಡೆಯ ಕಡೆ ಮುಖ ತಿರುಗಿಸಿದರು. ದಣಿದಿದ್ದಾರೆ ಎಂದುಕೊಂಡು ನಾನು ಚಾದರ ಹೊದಿಸಿ ಬಂದೆ.

ದಾದಾ ಹೇಡಿಯಾಗಿದ್ದರು ಎಂದು ಹೇಳಿ ಕೈತೊಳೆದುಕೊಳ್ಳಲು ಆ ವಾರ ತುಂಬ ಪ್ರಯತ್ನಿಸಿದೆ. ಗೆದ್ದ ಸಂಭ್ರಮದಲ್ಲಿ ಹೇಳಲಾಗದೆ, ಮರುದಿನ ಹೇಳೋಣ, ಮುಂದಿನ ಸಭೆಯಲ್ಲಿ ಹೇಳೋಣ ಎಂದು ಮುಂದೂಡಿದವರು ಅವರು. ಆದರೆ ಕೊನೆಗೊಮ್ಮೆ ಅವರು ಬಾಯಿ ತೆರೆದಾಗ ಅದರಲ್ಲಿ ಮೂಸಂಬಿ ತುರುಕಲು ಹೋದವನು ನಾನು.

ಶನಿವಾರ ಮಹಾದೇವಿಗೆ ಫೋನ್ ಮಾಡಿ, ನಿಮ್ಮಪ್ಪನೊಂದಿಗೆ ಮಾತಾಡಬೇಕು ಎಂದೆ. ಅವಳು ಮನೆಗೆ ಬನ್ನಿ ಎಂದಳು. ವಿದ್ಯಾ ಬರುತ್ತೇನೆಂದಳು, ನಾನೇ ಬೇಡವೆಂದೆ. ಎಸ್-ಬಾನ್ ಎಂಬ ಊರ ರೈಲು ಹಿಡಿದು ಒಬ್ಬನೇ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಸಾಲು ಸಾಲಾಗಿ ಕಟ್ಟಿಕೊಂಡೆ. ಸಾವಿರ ಜನರ ಮುಂದೆ ಮಾತಾಡಿದವನಿಗೆ ಒಬ್ಬ ಮುದುಕನ ಮುಂದೆ ಹೇಳಲು ಎರಡು ಸಾಲು ಹೊಂದಿಸಲಾಗಲಿಲ್ಲ.

ಮಹಾದೇವಿಯ ಅಡುಗೆಮನೆಯಲ್ಲಿ ಮೇಜಿನ ಮೇಲೆ ಫೋನನ್ನು ಲೋಟಕ್ಕೆ ಆನಿಸಿ ಇಟ್ಟಳು. ಸೊಲ್ಲಾಪುರದಲ್ಲಿ ಶರಣಪ್ಪ ತನ್ನ ಮಗನ ಮನೆಯ ಮಂಚದ ಮೇಲೆ ಕೂತಿದ್ದ. ಎಪ್ಪತ್ತೆಂಟು ವರ್ಷ. ಹಲ್ಲಿರಲಿಲ್ಲ. ಕಿವಿ ಚೆನ್ನಾಗಿತ್ತು. ನನ್ನನ್ನು ನೋಡಿ, ಈರಣ್ಣ, ಎಷ್ಟು ಬಿಳಿ ಆಗಿದ್ದೀಯಲ್ಲೋ ಎಂದು ನಕ್ಕ. ವಿದೇಶದಲ್ಲಿ ಚಳಿ ಹೇಗಿದೆ, ನಿನ್ನ ಹೆಂಡತಿ ಹೇಗಿದ್ದಾಳೆ ಎಂದೆಲ್ಲ ಕೇಳಿದ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು ಎಂದೆ. ನನ್ನಾಕೆಯೂ ಹೋದಳು ಎಂದ. ನಾನು ಕಟ್ಟಿಕೊಂಡು ಬಂದದ್ದೆಲ್ಲ ಬಿಟ್ಟು, ಶರಣಪ್ಪ, ನಾನು ತಪ್ಪು ಮಾಡಿದೆ ಎಂದಷ್ಟೇ ಹೇಳಿದೆ.

ಅವನು ಕೈಯಾಡಿಸಿ ಅದನ್ನು ಪಕ್ಕಕ್ಕೆ ಸರಿಸಿಬಿಟ್ಟ. ಹಾರ ಹಾಕಿದ ಮರುದಿನವೂ ಇಳಿದೆಯಂತೆ, ಯಾಕೆ ಎಂದು ಕೇಳಿದೆ.

“ನೀರಿಗೇನು ಗೊತ್ತೋ. ಅದು ಬರ್ತೇ ಇರ್ತದ” ಎಂದ. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ. “ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ ಈರಣ್ಣ. ನೀನೂ ಮಾತಿಗೆ ಕಟ್ಟುಬಿದ್ದಿದ್ದೀ. ಹಾರ ಹಾಕೋವಾಗ ನಿನ್ನ ಕೈ ನಡಗ್ಲಕತ್ತಿತ್ತು, ನಾ ನೋಡಿನಿ. ದಾದಾ ನಿನಗೂ ಹೇಳ್ಯಾರ, ಗೊತ್ತಿದ್ದೂ ಮಾಡ್ಲಕತ್ತಾನ, ಪಾಪ, ಅಂತ ನಿನ್ನ ಮ್ಯಾಲೇ ಕನಿಕರ ಬಂತು ನನಗ. ದಾದಾ ಬಿಟ್ಟು ಮ್ಯಾಲ ಇನ್ನೊಬ್ಬನಿಗೆ ಗೊತ್ತದ ಅಂತ ಒಂದು ಧೈರ್ಯ ಇತ್ತು.”

ಮಹಾದೇವಿ ಒಲೆಯ ಹತ್ತಿರ ನಿಂತಿದ್ದವಳು ತಿರುಗಿದಳು. ಇದು ಅವಳಿಗೂ ಹೊಸದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ನನ್ನ ಕೈ ನಡುಗಿದ್ದು ಸಿಟ್ಟಿಗೆ. ಬಹುಶಃ ಸ್ವಲ್ಪ ಖುಷಿಗೂ. ಇಪ್ಪತ್ತೊಂಬತ್ತರ ಹುಡುಗನಿಗೆ ಅಷ್ಟು ಜನರ ಮುಂದೆ ಒಬ್ಬ ದ್ರೋಹಿಯ ಕೊರಳು ಸಿಕ್ಕಿತ್ತು. ಆ ನಡುಕವನ್ನು ಈ ಮನುಷ್ಯ ಮೂವತ್ತೆಂಟು ವರ್ಷ ಏನೆಂದು ಇಟ್ಟುಕೊಂಡಿದ್ದ ಎಂದು ಈಗ ತಿಳಿಯಿತು. ಹೌದು, ನನಗೆ ಗೊತ್ತಿತ್ತು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮುದುಕ ಸಮಾಧಾನವಾಗಿ ಇರುತ್ತಿದ್ದ. ಗೊತ್ತಿದ್ದೂ ಹಾರ ಹಾಕಿದವನೆಂದು ಮಹಾದೇವಿಯ ಕಣ್ಣಲ್ಲಿ ನಾನು ಇನ್ನಷ್ಟು ಕೆಟ್ಟವನಾಗುತ್ತಿದ್ದೆ, ಆಗಲಿ. ಆದರೆ ಮತ್ತೊಮ್ಮೆ ಒಂದು ಕಥೆ ಕಟ್ಟಿ ಅವನ ಕೊರಳಿಗೆ ಹಾಕಲು ನನ್ನಿಂದಾಗಲಿಲ್ಲ.

“ಇಲ್ಲ ಶರಣಪ್ಪ” ಎಂದೆ. “ದಾದಾ ನನಗ ಹೇಳಿರಲಿಲ್ಲ. ನನಗ ಗೊತ್ತಿರಲಿಲ್ಲ. ನಾ ನಿಜವಾಗಿನೇ ಹಾಕಿದ್ದೆ.”

ಅವನ ಹಿಂದೆ ಎಲ್ಲೋ ಟಿವಿ ಓಡುತ್ತಿತ್ತು. ಯಾರೋ ಪಾತ್ರೆ ತೊಳೆಯುತ್ತಿದ್ದರು. ಫೋನ್ ನಿಂತುಹೋಯಿತೇನೋ ಎಂದು ಮಹಾದೇವಿ ಹತ್ತಿರ ಬಂದು ಬಗ್ಗಿ ನೋಡಿದಳು. ನಿಂತಿರಲಿಲ್ಲ. ಶರಣಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

“ಹಂಗಾದ್ರ ನಾ ಒಬ್ಬನೇ ಇದ್ದೆ” ಎಂದ.

ಅವನು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಮಗಳಿಗೆ ಕೊಡು ಎಂದ. ಅವಳು ಅದನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅರ್ಧ ತಾಸು ನಾನು ಆ ಅಡುಗೆಮನೆಯಲ್ಲಿ ಕೂತಿದ್ದೆ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಗಿತ್ತು. ಬನ್ನಿ, ಸ್ಟೇಷನ್ನಿನವರೆಗೆ ಬಿಡುತ್ತೇನೆ ಎಂದಳು.

ಇಳಿಜಾರು ರಸ್ತೆಯಲ್ಲಿ ಇಬ್ಬರೂ ಇಳಿದೆವು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವಳಿಗೆ, ನಿನ್ನ ಮುಂದೆ ನನಗೆ ಮುಖವಿಲ್ಲ, ನೀನು ಕ್ಷಮಿಸಬೇಕು ಎಂದು ಕೇಳಿದೆ.

“ಅಪ್ಪ ಮಾಫ್ ಮಾಡ್ಯಾರ, ಅವರಿಗೆ ಸಿಟ್ಟು ಬರಂಗೇ ಇಲ್ಲ. ನಾನು ಮಾಡಾಕಿ ಯಾರು ಕಾಕಾ? ಊರಾಗ ನಳಕ್ಕ ಹೋಗಿ ಖಾಲಿ ಕೊಡ ತಗೊಂಡು ಬರ್ತಿದ್ದಾಕಿ ಅವ್ವ. ಮಾಡೋದಿದ್ರ ಆಕಿ ಮಾಡಬೇಕಿತ್ತು” ಎಂದಳು. ಅವಳ ದನಿಯಲ್ಲಿ ಕಹಿ ಇರಲಿಲ್ಲ. ಇದ್ದದ್ದನ್ನು ಹೇಳಿದಳು. ಗಾಡಿ ಬಂತು. ನಾನು ಹತ್ತಿದೆ.

ಆ ಭಾನುವಾರವೇ ಊರಿಗೆ ಫೋನ್ ಮಾಡತೊಡಗಿದೆ. ಆ ಕಾಲದವರು ಬದುಕಿರುವುದು ಬೆರಳೆಣಿಕೆಯಷ್ಟು ಜನ. ಒಬ್ಬ ಬಿಕ್ಕಿದ. ಒಬ್ಬನಿಗೆ ಶರಣಪ್ಪ ಯಾರೆಂದೇ ನೆನಪಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಇನ್ನೊಬ್ಬ ಕೂಗಾಡಿದ. ದಾದಾನ ಫೋಟೊ ಸಂಘದ ಗೋಡೆಯ ಮೇಲಿದೆ, ಈಗ ಇದನ್ನೆಲ್ಲ ಕೆದಕಿ ಯಾರಿಗೆ ಏನು ಬರಬೇಕಾಗಿದೆ ಎಂದ. ಫೋಟೊ ಇರಲಿ, ನಾನು ತೆಗೆಯಲು ಹೇಳುತ್ತಿಲ್ಲ ಎಂದೆ. ಅವನು ಫೋನ್ ಇಟ್ಟ. ಮತ್ತೆ ಮಾಡಿಲ್ಲ.

ಕಿರಣನಿಗೂ ಹೇಳಿದೆ. ಜೂನ್‌ನಲ್ಲಿ ಮತ್ತೆ ಎಲ್ಲರೂ ಸೇರುತ್ತೀರಲ್ಲ, ನನಗೆ ಮತ್ತೆ ಹದಿನೈದು ನಿಮಿಷ ಬೇಕು ಎಂದೆ. ಅವನಿಗೆ ಮುಜುಗರವಾಯಿತು. ಬಿಡಿ ಅಂಕಲ್, ಎಷ್ಟು ಹಳೇದು, ಪಾರ್ಟಿ ಮೂಡ್ ಹೋಗ್ಬಿಡತ್ತೆ ಎಂದ. ನಾನು ಬಿಡಲಿಲ್ಲ. ಆ ಹೊತ್ತಿಗೆ ಅವನ ಕಂಪನಿಯಲ್ಲೂ ಆಡಳಿತಕ್ಕೆ ಸುದ್ದಿ ಮುಟ್ಟಿಸುವವರು ಇವರೇ ಎಂದು ಒಬ್ಬರ ಹೆಸರು ಓಡಾಡುತ್ತಿತ್ತಂತೆ. ಅದನ್ನು ಅವನೇ ಹೇಳಿದ. ಹೇಳಿದವನೇ, ಆಯ್ತು ಬನ್ನಿ ಎಂದ.

ಅದೇ ಗುಡ್ಡ, ಹೆಚ್ಚು ಕಡಿಮೆ ಅದೇ ಜನ. ಮಹಾದೇವಿ ಹಿಂದಿನ ಚಾದರದ ಮೇಲೆ ಗಂಡನ ಪಕ್ಕದಲ್ಲಿ ಕೂತಿದ್ದಳು. ಬರುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ನಾನು ಎದ್ದುನಿಂತೆ. ಹೋದ ಸಲ ನಿಮಗೆ ಹೇಳಿದ ಕಥೆ ಸುಳ್ಳು, ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲು ನಾನು ಯಾರನ್ನೂ ಕೇಳಿರಲಿಲ್ಲ ಎಂದು ಶುರುಮಾಡಿದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೊಂದೂ ತಿಳಿಯದೆ ತೊದಲುತ್ತ ಹೇಳಿದೆ. ಶರಣಪ್ಪ ಇಳಿದ, ಪಂಪ್ ನಡೆಸಿದ, ನಾವು ಅವನಿಗೆ ಹಾರ ಹಾಕಿದೆವು. ಅವನ ಹೆಂಡತಿಯನ್ನು ನಳದ ಹತ್ತಿರ ಬಿಡಲಿಲ್ಲ, ಅವನ ಹೆಂಡತಿಗೆ ಅಂಗಡಿಯಲ್ಲಿ ಉಪ್ಪನ್ನೂ ಕೊಡಲಿಲ್ಲ, ಅವನ ಹೆಂಡತಿ...

“ಹೆಸರು ಹೇಳ್ರಿ ಕಾಕಾ” ಎಂದಳು ಮಹಾದೇವಿ ಕೂತಲ್ಲಿಂದಲೇ.

ಎಲ್ಲರೂ ಅವಳ ಕಡೆ ತಿರುಗಿದರು, ಆಮೇಲೆ ನನ್ನ ಕಡೆ. ಹನ್ನೆರಡು ವರ್ಷ ಒಂದೇ ಲೈನಿನಲ್ಲಿ, ಹತ್ತು ಮನೆಯ ಅಂತರದಲ್ಲಿ ಬದುಕಿದ್ದೆವು. ನನ್ನ ಮದುವೆಯಲ್ಲಿ ಆಕೆ ಹೋಳಿಗೆ ಲಟ್ಟಿಸಿದ್ದು ನೆನಪಿತ್ತು. ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ನನಗೆ ಎಂದೂ ಗೊತ್ತೇ ಇರಲಿಲ್ಲ.

“ನಾಗಮ್ಮ” ಎಂದಳು ಅವಳು.

ನಾಗಮ್ಮ ಎಂದೆ. ಆಮೇಲೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳತೊಡಗಿದೆ.